ಕಾಲು ಬಂದ ಮೇಲೆ ಮುಡಿ

ನನ್ನ ಅಕ್ಕನ ಮೊಮ್ಮಗಳು ಮೈಸೂರಿನಲ್ಲಿ ನರ್ಸ್ ತರಬೇತಿಗೆ ಸೇರಿದ್ದಾಳೆ. ರಜೆಗೆ ಬಂದಾಗ ನನ್ನ ಹಿಮ್ಮಡಿಯ ಒಡಕು ನೋಡಿ, ಹೆರಿಗೆ ಮಾಡಿಸುವವಳ ಕಾಲು ಹೀಗೇಕಾಯಿತು ಅಜ್ಜಿ ಎಂದು ಕೇಳಿದಳು. ಬೆಟ್ಟ ಹತ್ತಿ ಎಂದೆ. ನಂಬಲಿಲ್ಲ. ಹಾಗಿದ್ದರೆ ಎಲ್ಲವನ್ನೂ ಬರೆದುಕೊಡು ಎಂದು ಹಠ ಹಿಡಿದಳು. ಬಡ್ತಿ, ವರ್ಗಾವಣೆ ಎಂದು ಬರೆಯಲು ನನ್ನ ಬಳಿ ಏನೂ ಇಲ್ಲ. ಮಿಡ್‌ವೈಫ್ ಆಗಿ ಸೇರಿದೆ, ಮಿಡ್‌ವೈಫ್ ಆಗಿಯೇ ಮನೆಗೆ ಬಂದೆ, ನಡುವೆ ಕನ್ನಡಕ ಬಂತು, ಅಷ್ಟೆ. ಬೆಟ್ಟದ ವಿಷಯ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ನನ್ನನ್ನು ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಂದು ಸಣ್ಣ ಡಿಸ್ಪೆನ್ಸರಿಗೆ ಹಾಕಿದರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಮನೆಯ ಮೂಲೆಯಲ್ಲಿ ಕೂರುವುದಕ್ಕಿಂತ ಈ ಕೆಲಸ ವಾಸಿ ಎಂದು ನಾನೇ ಜಗಳವಾಡಿ ಸೇರಿದವಳು. ಡಿಸ್ಪೆನ್ಸರಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಒಬ್ಬ ಜವಾನ, ನಾನು. ಹಳ್ಳಿಗಳಿಗೆ ಎತ್ತಿನ ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ನಡಿಗೆ. ಯುದ್ಧ ಶುರುವಾದ ಮೇಲೆ ಬಸ್ಸುಗಳೂ ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಬರುತ್ತಿದ್ದವು. ಏರಿನಲ್ಲಿ ಜನ ಇಳಿದು ತಳ್ಳಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ತಳ್ಳಿದ್ದೇನೆ.

ಆ ಸೀಮೆಯಲ್ಲಿ ಒಂದು ಬೆಟ್ಟವಿದೆ. ಅಲ್ಲಿಯವರು ಅದಕ್ಕೆ ಬರೀ ಬೆಟ್ಟ ಎನ್ನುತ್ತಾರೆ, ಮೇಲಿರುವ ದೇವರಿಗೆ ಬೆಟ್ಟದಪ್ಪ ಎನ್ನುತ್ತಾರೆ. ಇಡೀ ಬೆಟ್ಟವೇ ಒಂದು ಬೋಳು ಬಂಡೆ. ಕೆಳಗೆ ಒಂದಷ್ಟು ಮೆಟ್ಟಿಲಿವೆ. ಆಮೇಲೆ ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಕೆಲವು ಕಡೆ ಕೈಯನ್ನೂ ಊರಬೇಕು. ಕಣದ ಕೆಲಸ ಮುಗಿದ ಮೇಲೆ, ಮಾಘದಿಂದ ಯುಗಾದಿಯವರೆಗೆ, ಪ್ರತಿ ಸೋಮವಾರ ಹರಕೆಯವರು ಬರುತ್ತಿದ್ದರು. ಕಾಲರಾ ಸೂಜಿ ಹಾಕಲು ಬೆಟ್ಟದ ಬುಡದಲ್ಲಿ ಒಂದು ಚಪ್ಪರ ಹಾಕಿ ನಮ್ಮನ್ನು ಕೂರಿಸುತ್ತಿದ್ದರು. ಹೀಗೆ ನಾನು ಬೆಟ್ಟದ ಪಾಲಾದೆ.

ಹರಕೆ ಎಂದರೆ ಮಗುವಿನ ಮೊದಲ ಮುಡಿ. ಹುಟ್ಟುಗೂದಲನ್ನು ಬೆಟ್ಟದ ಮೇಲೆಯೇ ತೆಗೆಸಬೇಕು. ಅದಕ್ಕೆ ಕಟ್ಟುಪಾಡುಗಳಿದ್ದವು. ಬುಡದ ಕಲ್ಲುಬಾಗಿಲು ದಾಟಿದ ಮೇಲೆ ಮಗುವಿನ ಕಾಲು ನೆಲಕ್ಕೆ ತಾಗಬಾರದು. ತಾಯಿ, ಇಲ್ಲವೇ ತಾಯಿಯ ತವರಿನವರು ಹೊರಬೇಕು, ತಂದೆಯ ಕಡೆಯವರು ಮುಟ್ಟುವಂತಿಲ್ಲ. ಸೋದರಮಾವ ತಂದ ಹೊಸ ಕರಿಕಂಬಳಿಯಲ್ಲಿ ಮಗುವನ್ನು ಸುತ್ತಿರಬೇಕು. ಮುಡಿ ಇಳಿಯುವ ತನಕ ಮಗು ಮೀಸಲು, ಬಾಯಿಗೆ ಏನೂ ಹೋಗಬಾರದು, ಮೊಲೆಹಾಲು ಕೂಡ. ಮೇಲೆ ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಯುವುದು.

ದೊಡ್ಡವರಿಗೆ ಇದು ಒಂದು ಬೆಳಗಿನ ಕಷ್ಟ. ಮಗುವಿನ ಮೈ ಬೇರೆ. ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಫಾಲ್ಗುಣದ ಬಿಸಿಲಿಗೆ ಬಂಡೆ ಕೆಳಗಿನಿಂದ ಸುಡುತ್ತದೆ, ಮೇಲಿನಿಂದ ಬಿಸಿಲು, ನಡುವೆ ಕಂಬಳಿ. ಮಗು ಮೊದಲು ಅಳುತ್ತದೆ, ಆಮೇಲೆ ಕಣ್ಣೀರಿಲ್ಲದೆ ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹೊತ್ತವರು, ಸದ್ಯ ಮಲಗಿತು ಎಂದು ಇನ್ನಷ್ಟು ಬಿರುಸಾಗಿ ಹತ್ತುತ್ತಾರೆ. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವುದು ಇದೊಂದೇ: ಅಳುವ ಮಗುವನ್ನು ಆಮೇಲೆ ನೋಡಿ, ಸುಮ್ಮನಿರುವ ಮಗುವಿನ ಹತ್ತಿರ ಮೊದಲು ಹೋಗಿ.

ಮೊದಲ ವರ್ಷ ನಾನು ಗಂಟಲು ಹರಿದುಕೊಂಡೆ. ಮಗುವಿಗೆ ಕೊಡೆ ಹಿಡಿಯಿರಿ ಎಂದೆ. ಮುಂದಿನ ಸೋಮವಾರ ಕೊಡೆಗಳು ಬಂದವು. ಬಿಸಿಲಿಗೆ ಹೂವು ಬಾಡದಂತೆ ಅವನ್ನು ಪೂಜೆಯ ಬುಟ್ಟಿಗೆ ಹಿಡಿದಿದ್ದರು. ನೀರು ತೆಗೆದುಕೊಂಡು ಹೋಗಿ ಎಂದೆ. ಚೊಂಬುಗಟ್ಟಲೆ ಹೊತ್ತು ತಂದು, ದಾರಿಯಲ್ಲಿ ತಾವೇ ಕುಡಿದು, ಒಳ್ಳೆಯ ಮಾತು ಹೇಳಿದಿರಿ ಅಮ್ಮಾವ್ರೆ, ದಾಹ ಆಗಲಿಲ್ಲ ಎಂದು ಇಳಿದು ಬಂದು ಹೊಗಳಿದರು. ನಾನು ತಲೆ ಚಚ್ಚಿಕೊಂಡೆ.

ನಮ್ಮ ಡಾಕ್ಟರು ಕೆಟ್ಟವರಲ್ಲ, ಆದರೆ ಅವರಿಗೆ ಎಲ್ಲದಕ್ಕೂ ಹುಕುಂ ಎಂಬ ಒಂದೇ ಔಷಧಿ. ಎರಡನೇ ವರ್ಷ, ಹಾಲು ಕುಡಿಯುವ ಕೂಸುಗಳನ್ನು ಮೇಲೆ ಬಿಡಬೇಡ ಎಂದು ಜವಾನನ ಕೈಗೆ ಒಂದು ಕೋಲು ಕೊಟ್ಟು ಕಲ್ಲುಬಾಗಿಲಲ್ಲಿ ನಿಲ್ಲಿಸಿದರು. ಜನ ಜಗಳಕ್ಕೆ ನಿಲ್ಲಲಿಲ್ಲ. ಬೆಟ್ಟ ಸುತ್ತಿ ಹಿಂಬದಿಯ ಜಾರುಬಂಡೆಯಲ್ಲಿ ಹತ್ತಿದರು. ಅಲ್ಲಿ ಆಡು ಕಾಯುವವರೂ ಕಾಲಿಡುವುದಿಲ್ಲ. ಒಬ್ಬ ಹುಡುಗ ತಂಗಿಯ ಮಗುವನ್ನು ಹೆಗಲ ಮೇಲೆ ಹೊತ್ತು ಹತ್ತುವಾಗ ಜಾರಿದ. ಅವನ ಮಂಡಿ ಚಿಪ್ಪು ಒಡೆಯಿತು, ಮಗುವಿನ ಕೊರಳೆಲುಬು ಮುರಿಯಿತು. ಮಗುವಿಗೆ ಡಾಕ್ಟರೇ ಕಟ್ಟು ಕಟ್ಟಿದರು. ಕೋಲನ್ನು ವಾಪಸು ತರಿಸಿದರು.

ಇದೆಲ್ಲ ಓದು ಬರಹ ಇಲ್ಲದವರ ಮೂಢನಂಬಿಕೆ ಎಂದುಕೊಳ್ಳುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಒಂದು ಆಷಾಢದಲ್ಲಿ, ನಾನು ಬೆಟ್ಟದ ಬುಡದ ಹಳ್ಳಿಗೆ ಹೆರಿಗೆಗೆ ಹೋಗಿದ್ದಾಗ, ಕರೆಂಟು ತಯಾರಾಗುವ ಬ್ಲಫ್ ಕಡೆಯಿಂದ ಒಬ್ಬ ಆಫೀಸರು ಹೆಂಡತಿ ಮಕ್ಕಳೊಂದಿಗೆ ಬಂದರು. ಹರಕೆಯಲ್ಲ, ವ್ಯಾಯಾಮ. ತಲೆಗೆ ಟೋಪಿ, ಕೊರಳಿಗೆ ಸೀಟಿ. ಇನ್ನೂ ಶಾಲೆಗೆ ಸೇರದ ಪುಟ್ಟ ಹುಡುಗಿಗೆ ಬೂಟು ಕಾಲುಚೀಲ. ಮಕ್ಕಳನ್ನು ಈಗಿನಿಂದಲೇ ಗಟ್ಟಿ ಮಾಡಬೇಕು ಎಂದು ನನಗೆ ಉಪದೇಶ ಮಾಡಿದರು. ಮೋಡ ಕಟ್ಟಿದೆ, ಬಂಡೆ ನೆನೆದರೆ ಇಳಿಯುವುದು ಕಷ್ಟ ಎಂದೆ. "ನೋಡಮ್ಮ, ನನ್ನ ಮಗಳು ಒಮ್ಮೆಯೂ ಸುಸ್ತಾಯಿತು ಅಂದವಳಲ್ಲ" ಎಂದರು. ಅದು ನಿಜವೇ. ಅಪ್ಪ ಮೆಚ್ಚಲಿ ಎಂದು ಆ ಹುಡುಗಿ ತುಟಿ ಕಚ್ಚಿಕೊಂಡು ಮೇಲಿನವರೆಗೂ ಹತ್ತಿತು. ಇಳಿಯುವಾಗ ಸೋನೆ ಹಿಡಿಯಿತು. ಮಂಡಿ ನಡುಗಿ ಕುಸಿದು ಬಂಡೆಯ ಮೇಲೆ ಉರುಳಿ ಮುಂಗೈ ಮುರಿದುಕೊಂಡಿತು. ನಾನಿದ್ದ ಮನೆಗೆ ಎತ್ತಿಕೊಂಡು ಬಂದಾಗ ಆ ಮನುಷ್ಯ ಅಳುತ್ತಿದ್ದರು. "ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯುತ್ತಿದ್ದಳು" ಎಂದು ಮತ್ತೆ ಮತ್ತೆ ಹೇಳಿದರು. ಹರಕೆಯವರೂ ಇದನ್ನೇ ಹೇಳುತ್ತಿದ್ದರು. ಇಬ್ಬರ ದೇವರು ಬೇರೆ, ಅಷ್ಟೆ.

ಈಗ ಸಣ್ಣಮ್ಮನ ವಿಷಯಕ್ಕೆ ಬರುತ್ತೇನೆ. ನಿಡಘಟ್ಟದ ಕಡೆಯ ಹುಡುಗಿ, ಮಳವಳ್ಳಿ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ಪ್ಲೇಗಿನಲ್ಲಿ ಅವಳ ತವರು ಮನೆ ಪೂರ್ತಿ ಅಳಿಸಿಹೋಗಿತ್ತು, ಒಬ್ಬ ಅಣ್ಣ ತಮ್ಮನೂ ಉಳಿದಿರಲಿಲ್ಲ. ಗಂಡ ಬೋರೇಗೌಡ ಸಾಧು. ಅತ್ತೆ ದ್ಯಾವಮ್ಮ ಗಂಡ ಸತ್ತ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ಆಳಿದ ಹೆಂಗಸು. ಸಣ್ಣಮ್ಮನಿಗೆ ಮೊದಲಿನ ಮೂರೂ ಮಕ್ಕಳು ಉಳಿದಿರಲಿಲ್ಲ. ನಾಲ್ಕನೆಯದಕ್ಕೆ ನನ್ನನ್ನು ಕರೆಸಿದರು. ಮಗು ಹುಟ್ಟಿತು, ಅಳಲಿಲ್ಲ. ನಾನು ಬೆನ್ನು ಉಜ್ಜುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ದ್ಯಾವಮ್ಮ, "ಅಪ್ಪಾ ಬೆಟ್ಟದಪ್ಪ, ಇದೊಂದ ಉಳಿಸ್ಕೊಡು, ವರ್ಸ ತುಂಬೋದ್ರಾಗೆ ತಂದು ಮುಡಿ ಒಪ್ಪಿಸ್ತೀನಿ" ಎಂದು ಕೂಗಿದಳು. ಮಗು ಕಿರುಚಿತು. ಅದು ಅತ್ತದ್ದು ನನ್ನ ಉಜ್ಜುವಿಕೆಗೋ ಅವಳ ಹರಕೆಗೋ ಎಂಬುದರಲ್ಲಿ ನಾವಿಬ್ಬರೂ ಕೊನೆಯವರೆಗೂ ಒಂದು ಮಾತಿಗೆ ಬರಲಿಲ್ಲ. ಮಗುವಿಗೆ ಬೆಟ್ಟಯ್ಯ ಎಂದು ಹೆಸರಿಟ್ಟರು.

ವರ್ಷ ತುಂಬುವ ಮುಂಚೆ ಒಂದು ಸೋಮವಾರ ಮೂವರೂ ಮಗುವಿನೊಂದಿಗೆ ಚಪ್ಪರಕ್ಕೆ ಬಂದರು. ನಾನು ಹಿಡಿದ ಮಗು ಎಂದು ಪ್ರೀತಿಯಿಂದ ಎತ್ತಿಕೊಂಡೆ. ಮೈ ಬೆಚ್ಚಗಿತ್ತು, ಕಣ್ಣು ಗುಳಿ ಬಿದ್ದಿದ್ದವು.

"ಏನಾಗಿದೆ ಇದಕ್ಕೆ?"

"ನಿನ್ನೆಯಿಂದ ಒಸಿ ಬೇದಿ ಅಮ್ಮಾವ್ರೆ," ಎಂದಳು ಸಣ್ಣಮ್ಮ. "ಹಲ್ಲು ಬತ್ತಾ ಅವಲ್ಲ, ಅದ್ಕೇ ಅಂತಾರೆ ಅತ್ತೆ."

"ಇವತ್ತು ಹತ್ತಬೇಡಿ ದ್ಯಾವಮ್ಮ. ಮುಂದಿನ ಸೋಮವಾರ ಬನ್ನಿ."

"ಮುಂದಿನ್ ಸ್ವಾಮಾರಕ್ಕೆ ವರ್ಸ ತುಂಬೋಯ್ತದೆ ಕನವ್ವ. ಆಡಿದ್ ಮಾತು ತಪ್ಪುಸ್ಬುಟ್ರೆ ಕೊಟ್ಟೋನು ಸುಮ್ಕಿದ್ದಾನಾ?"

"ಇವನನ್ನು ಹೀಗೆ ಕರೆದುಕೊಂಡು ಹೋದರೆ ನೀವೇ ಕೊಂದ ಹಾಗೆ."

ಅವಳ ಮುಖ ಕಪ್ಪಿಟ್ಟಿತು. "ಮೂರು ಮಕ್ಕಳ ಮಣ್ಣು ಮಾಡಿವ್ನಿ ಅಮ್ಮಾವ್ರೆ, ಇದೇ ಕೈಲಿ. ನಂಗೆ ಸಾವು ಏನೂಂತ ನೀವು ಯೋಳ್ಕೊಡ್ಬೇಡಿ."

ಅಷ್ಟು ದಿನ ಆ ಮುದುಕಿಯನ್ನು ಹಟಮಾರಿ ಎಂದುಕೊಂಡಿದ್ದೆ. ಅದು ಹಟವಲ್ಲ, ಭಯ. ಆ ಮಗು ಉಳಿಯಬೇಕೆಂದು ನನಗಿಂತ ನೂರು ಪಾಲು ಹೆಚ್ಚಾಗಿ ಬೇಡುತ್ತಿದ್ದವಳು ಅವಳು. ಉಳಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಆ ಬಂಡೆಯ ಮೇಲೆಯೇ ಇತ್ತು.

ಅವರು ಕಲ್ಲುಬಾಗಿಲು ದಾಟಿದರು. ತವರಿಲ್ಲದವಳಾದ್ದರಿಂದ ಸಣ್ಣಮ್ಮನೊಬ್ಬಳೇ ಹೊರಬೇಕು. ಕಂಬಳಿಯನ್ನು ಗಂಡನೇ ಕೊಂಡು ತಂದಿದ್ದ. ನಾನು ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಬೆಲ್ಲ ಹಾಕಿ ಸೀಸೆಗೆ ತುಂಬಿದೆ. ಕೂಸುಗಳಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ನೀವು ಹೋದರೆ ಇಲ್ಲಿ ಸೂಜಿ ಯಾರು ಹಾಕುತ್ತಾರೆ?" ಎಂದರು ಡಾಕ್ಟರು. "ನೀವು ಹಾಕಿ ಸಾರ್" ಎಂದು ಚಪ್ಪಲಿ ಬಿಟ್ಟು ಹೊರಟೆ. ಅವರಿಗೆ ಹಾಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅಂಗಾಲು ಆ ಬಂಡೆಯಲ್ಲಿ ಬೆಂದದ್ದೂ ಅದೇ ಮೊದಲು.

ಬೆಟ್ಟದ ನಡುವೆ ಚಾಚಿದ ಒಂದು ಹೆಬ್ಬಂಡೆಯ ನೆರಳಿದೆ. ಎಲ್ಲರೂ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನಾನು ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದಾಗ ಸಣ್ಣಮ್ಮ ಬಂಡೆಗೆ ಒರಗಿ ನಿಂತಿದ್ದಳು. ಕಂಬಳಿಯ ಗಂಟು ಅಲುಗುತ್ತಿರಲಿಲ್ಲ.

"ನೋಡಿದ್ರಾ," ಎಂದಳು ದ್ಯಾವಮ್ಮ, ಗೆದ್ದವಳ ಹಾಗೆ. "ಅಪ್ಪ ಒಪ್ಕೊಂಡ. ಮೊಗ ಎಂಗ್ ನಿದ್ದೆ ಮಾಡ್ತಾ ಅದೆ."

ನಾನು ಕಂಬಳಿ ಸರಿಸಿದೆ. ಬಾಯಿ ಒಣಗಿತ್ತು, ನೆತ್ತಿಯ ಮೆತ್ತನೆಯ ಜಾಗ ಒಳಕ್ಕೆ ಇಳಿದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಚಿವುಟಿದ ಹಾಗೆಯೇ ನಿಂತಿತು. ಹೆಸರು ಹಿಡಿದು ಕೂಗಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು.

"ಇದು ನಿದ್ದೆಯಲ್ಲ ದ್ಯಾವಮ್ಮ. ಮಗು ಹೋಗುತ್ತಿದೆ. ಈಗಲೇ ನೀರು ಹಾಕಬೇಕು."

"ಮೀಸ್ಲು ಮುರುದೋಯ್ತದೆ! ಇನ್ನೇನು ಅರ್ಧ ಬಂದಿವಿ. ಮುಟ್ಬ್ಯಾಡಿ ಅಮ್ಮಾವ್ರೆ, ತವ್ರೋರು ಬುಟ್ರೆ ಯಾರೂ ಮುಟ್ಟಂಗಿಲ್ಲ."

ಬೋರೇಗೌಡ ಒಮ್ಮೆ ಅಮ್ಮನ ಮುಖ, ಒಮ್ಮೆ ಹೆಂಡತಿಯ ಮುಖ ನೋಡುತ್ತ ನಿಂತಿದ್ದ. ನಾನು ಕೈ ಚಾಚಿದ್ದೆ, ಆದರೆ ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಂಡರೆ ಇನ್ನು ಮುಂದೆ ಆ ಸೀಮೆಯ ಒಂದು ಮನೆಯವರೂ ನನ್ನನ್ನು ಹೆರಿಗೆಗೆ ಕರೆಯುವುದಿಲ್ಲ. ಕಿತ್ತುಕೊಳ್ಳದಿದ್ದರೆ ಆ ಮಗು ಉಳಿಯುವುದಿಲ್ಲ.

ಅತ್ತೆಯ ಎದುರು ಎಂದೂ ಬಾಯಿ ಬಿಡದ ಸಣ್ಣಮ್ಮ ಆಗ ಮಾತಾಡಿದಳು.

"ತವ್ರೋರು ಮುಟ್ಬೋದಲ್ವಾ ಅತ್ತೆ?"

"ನಿಂಗೆಲ್ಲವ್ವ ತವ್ರು?"

"ಇಲ್ಲೇ ಅವ್ರಲ್ಲ. ಹೆರ್ಗೇಲಿ ನಾ ಸಾಯ್ತಾ ಬಿದ್ದಿದ್ದಾಗ ನನ್ ತಲೆ ಇಡ್ಕೊಂಡೋರು ಯಾರು? ಇವ್ರೇ ನನ್ ತವ್ರು. ಇವ್ರೇ ನನ್ ಅಣ್ಣ, ಇವ್ರೇ ನಮ್ಮವ್ವ. ತಕ್ಕಳಿ ಅಮ್ಮಾವ್ರೆ." ಅಷ್ಟು ಹೇಳಿ ಮಗುವನ್ನು ನನ್ನ ತೊಡೆಗೆ ಹಾಕಿದಳು.

ನಾನು ಕಂಬಳಿ ಬಿಚ್ಚಿ ಎಸೆದೆ. ಸೆರಗು ನೆನೆಸಿ ಮೈ ಒರೆಸಿದೆ. ಒಳಲೆಯಲ್ಲಿ ನೀರು ತೆಗೆದುಕೊಂಡು ಹನಿ ಹನಿಯಾಗಿ ತುಟಿಗೆ ಬಿಟ್ಟೆ. ಮೊದಮೊದಲು ಕಟವಾಯಿಯಲ್ಲೇ ಇಳಿದು ಹೋಯಿತು. ಆಮೇಲೆ ಗಂಟಲು ಅಲುಗಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ನೆರಳು ಸರಿದು ಬಿಸಿಲು ನನ್ನ ಬೆನ್ನಿಗೆ ಬಂದಿತ್ತು. ದ್ಯಾವಮ್ಮ ಬಂಡೆಯ ಕಡೆ ತಿರುಗಿ ಕೂತು ದೇವರಿಗೆ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದಳು. ಮಗು ಸಣ್ಣಗೆ ಅತ್ತಿತು. ಸಣ್ಣಮ್ಮ ಹಾಲು ಕೊಟ್ಟಳು, ನಾನು ಮತ್ತೆ ನೀರು ಹಾಕಿದೆ. ಕೊನೆಗೆ ಅದು ನನ್ನ ಬಿಳಿ ಸೀರೆಯನ್ನು ಒದ್ದೆ ಮಾಡಿತು. ಉಚ್ಚೆ ಬಂತು ಎಂದರೆ ಮಗು ಉಳಿಯಿತು ಎಂದು ಅರ್ಥ. ನನಗೆ ಅಳು ತಡೆಯಲಾಗಲಿಲ್ಲ. ಸಣ್ಣಮ್ಮ ನಗುತ್ತ ಅಳುತ್ತ ನನ್ನ ತೋಳು ಹಿಡಿದುಕೊಂಡಳು.

"ಈಗ ಹರ್ಕೆ ಗತಿ?" ಎಂದಳು ದ್ಯಾವಮ್ಮ, ಇನ್ನೂ ಬಂಡೆಯನ್ನೇ ನೋಡುತ್ತ.

ಬಯ್ಯಬೇಕೆನಿಸಿತು, ಬಯ್ಯಲಿಲ್ಲ. "ಹರಕೆ ಎಲ್ಲಿಗೂ ಹೋಗಿಲ್ಲ. ಕಾಲು ಬರಲಿ. ಅವನೇ ನಡೆದು ಬಂದು ಕೊಡುತ್ತಾನೆ. ಹೊತ್ತು ತಂದು ಒಪ್ಪಿಸುವುದಕ್ಕಿಂತ ಅದೇ ದೊಡ್ಡದಲ್ಲವೇ?"

ಅವಳು ಎದ್ದು ಬಂದಳು. ಮುಡಿ ಬಾಕಿಯಿದೆ ಎಂಬ ಗುರುತಿಗೆ ಮಗುವಿನ ಜುಟ್ಟಿಗೆ ಒಂದು ಅರಿಸಿನದ ದಾರ ಕಟ್ಟಿದಳು. ಎಲ್ಲರೂ ಇಳಿದೆವು.

ಮುಂದಿನ ಸೋಮವಾರ ದ್ಯಾವಮ್ಮ ಒಬ್ಬಳೇ ಬಂದಳು. ಚಪ್ಪರದ ಕಡೆ ತಿರುಗಿಯೂ ನೋಡದೆ ಬೆಟ್ಟ ಹತ್ತಿದಳು. ಕಾಲು ಬಂದ ಮೇಲೆ ಮುಡಿ ಕೊಟ್ಟರೆ ಒಪ್ಪಿಗೆಯೇ ಎಂದು ದೇವರನ್ನು ಕೇಳಲು ಹೋಗಿದ್ದಳಂತೆ. ಬಲಗಡೆಯಿಂದ ಹೂ ಬಿತ್ತಂತೆ. ಇಳಿದು ಬಂದವಳೇ ಚಪ್ಪರದ ಮುಂದೆ ನಿಂತು ಸೂಜಿಗೆ ಕಾದಿದ್ದ ಅಷ್ಟೂ ಜನರಿಗೆ ಕೇಳುವಂತೆ, "ಅಪ್ಪನೇ ಹೂ ಕೊಟ್ಟವ್ನೆ. ಎಳೆ ಕೂಸ್ನ ಬಿಸ್ಲಲ್ಲಿ ಸುಟ್ಕೊಂಡ್ ತರ್ಬ್ಯಾಡಿ, ನಡುಸ್ಕೊಂಡ್ ತನ್ನಿ ಅಂದವ್ನೆ" ಎಂದಳು. ನಾನು ಮೂರು ವರ್ಷ ಬಡಿದುಕೊಂಡದ್ದನ್ನು ಆ ಹೆಂಗಸು ಒಂದು ಹೂವಿನಲ್ಲಿ ಮುಗಿಸಿದಳು. ಡಾಕ್ಟರು ಹಣೆ ಚಚ್ಚಿಕೊಂಡರು, ಆದರೆ ಬೇಡ ಎನ್ನಲಿಲ್ಲ. ಅಲ್ಲಿಂದ ಮುಂದೆ ನಾನು ಹತ್ತಬೇಡಿ ಎನ್ನುವುದನ್ನು ಬಿಟ್ಟೆ. ಕಂಬಳಿ ಗಂಟು ಕಂಡ ಕೂಡಲೇ, ಕಾಲು ಬಂದಿದೆಯೇ ಎಂದು ಕೇಳುತ್ತಿದ್ದೆ. ಎಲ್ಲರೂ ಕೇಳಿದರು ಎಂದಲ್ಲ. ಕೇಳದವರೂ ಇದ್ದರು, ನಾವು ಉಳಿಸಿಕೊಳ್ಳಲಾರದ ಮಕ್ಕಳೂ ಇದ್ದವು. ಅವುಗಳ ಮುಖ ಈಗಲೂ ನೆನಪಿದೆ.

ತವರು ಎನಿಸಿಕೊಂಡದ್ದು ನನಗೆ ಬಾಯಿಮಾತಾಗಿ ಉಳಿಯಲಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ಮುಂಚೆ ದ್ಯಾವಮ್ಮ ಹೇಳಿ ಕಳಿಸಿದಳು: ತವರಿನ ಬಾಗಿನ ಎಲ್ಲಿ ಎಂದು. ಬಾಗಿನ ಕೊಡುವ ಅಧಿಕಾರ ಮುತ್ತೈದೆಯರದು, ನನ್ನದಲ್ಲ. ಮೊರ, ಬಳೆ, ರವಿಕೆ ಕಣ ಎಲ್ಲ ನಾನೇ ಹೊಂದಿಸಿ ಕಾಂಪೌಂಡರ ಹೆಂಡತಿಯ ಕೈಯಲ್ಲಿ ಕೊಡಿಸುತ್ತಿದ್ದೆ. ಪ್ರತಿ ವರ್ಷವೂ ಹಾಗೆಯೇ. ಶುಭಕಾರ್ಯ ನಡೆಯುವಲ್ಲಿ ಹಿಂದೆ ನಿಲ್ಲುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಬೆಟ್ಟಯ್ಯನ ಕೂದಲು ಬೆಳೆಯಿತು. ಮುಡಿಗೆ ಬೆಸ ವರ್ಷವೇ ಆಗಬೇಕು. ಮೂರಕ್ಕೆ ಇನ್ನೂ ಎಳೆ ಕಾಲು ಎಂದು ನಾನೇ ಬೇಡವೆಂದೆ. ಐದಕ್ಕೆ, ನಾಲೆ ನೀರು ಬಂದ ಊರುಗಳಲ್ಲೆಲ್ಲ ಹಬ್ಬಿದ್ದ ಚಳಿಜ್ವರ ಅವನಿಗೂ ಹಿಡಿದು ಹೊಟ್ಟೆ ಗಡ್ಡೆ ಕಟ್ಟಿತ್ತು, ಕೊಯಿನಾ ಮದ್ದು ಕುಡಿಸಿ ಸಾಕಾಯಿತು. ಶಾಲೆಗೆ ಜಡೆ ಹಾಕಿಕೊಂಡೇ ಹೋಗುತ್ತಿದ್ದ. "ಏಯ್ ಬೆಟ್ಟಮ್ಮ" ಎಂದು ರೇಗಿಸಿದವರನ್ನು ಹೊಡೆದು ಅಂಗಿ ಹರಿದುಕೊಂಡು ಬರುತ್ತಿದ್ದ.

ಸ್ವಾತಂತ್ರ್ಯ ಬಂದ ವರ್ಷವೇ, ಅದು ಬರುವುದಕ್ಕೆ ಕೆಲವು ತಿಂಗಳ ಮುಂಚೆ, ಮಾಘದ ಒಂದು ಸೋಮವಾರ ಅವನು ಬೆಟ್ಟ ಹತ್ತಿದ. ಬಿಸಿಲು ಏರುವ ಮುಂಚೆಯೇ ಹೊರಟೆವು. ಅವನ ಹೆಗಲಿಗೆ ನಾನೇ ಒಂದು ನೀರಿನ ಸೀಸೆ ಕಟ್ಟಿದ್ದೆ. ಹೆಬ್ಬಂಡೆಯ ನೆರಳಿನಲ್ಲಿ ದ್ಯಾವಮ್ಮ ಮಂಡಿ ಹಿಡಿದುಕೊಂಡು ಕೂತುಬಿಟ್ಟಳು. ಹುಡುಗ ಸೀಸೆ ಬಿಚ್ಚಿ, "ಕುಡ್ಕೊಳಜ್ಜಿ, ಆಮ್ಯಾಕೆ ಓಗವ" ಎಂದ. ಅವಳು ನನ್ನ ಮುಖ ನೋಡದೆ ಕುಡಿದಳು.

ಮೇಲೆ ಕ್ಷೌರದವನು ಚಾಪೆ ಹಾಸಿ ಕತ್ತಿ ಮಸೆದು, "ಸೋದರಮಾವ ಯಾರು? ಬಂದು ತೊಡೆ ಕೊಡಿ" ಎಂದ. ಬೋರೇಗೌಡ ಕಾಲಬೆರಳಿಂದ ನೆಲ ಕೆರೆದ. ನಾನು ಎಂದಿನಂತೆ ಎಲ್ಲರ ಹಿಂದೆ ಕಂಬದ ಪಕ್ಕ ನಿಂತಿದ್ದೆ. ಸಣ್ಣಮ್ಮ ತಿರುಗಿ ನನ್ನನ್ನೇ ನೋಡಿದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅಂಥ ಕಾರ್ಯಕ್ಕೆ ನನ್ನಂಥವಳು ಕೂರುವುದುಂಟೇ?

ದ್ಯಾವಮ್ಮ ಎದ್ದು ಬಂದು ನನ್ನ ಕೈ ಹಿಡಿದಳು.

"ಕೂತ್ಕಳವ್ವ."

"ನಾನು ಕೂರಬಾರದು ದ್ಯಾವಮ್ಮ. ನಿಮಗೆ ಗೊತ್ತಿಲ್ಲವೇ?"

"ಮೊಗ ಉಟ್ಟುವಾಗ ನಿನ್ ಕೈಗೆ ಇಲ್ದಿದ್ ಮೈಲ್ಗೆ ಈಗ ತೊಡೆಗೆ ಎಲ್ಲಿಂದ ಬಂತು? ನಾನೂ ಗಂಡ ಸತ್ತೋಳೇಯ. ತವ್ರು ಅಂದ್ಮೇಲೆ ತವ್ರು. ಕೂತ್ಕೊ, ಒತ್ತಾಯ್ತದೆ."

ಕೂತೆ. ಬೆಟ್ಟಯ್ಯ ನಾಚಿಕೊಂಡೇ ಬಂದು ನನ್ನ ತೊಡೆಯ ಮೇಲೆ ಕೂತ. ಏಳು ವರ್ಷದ ಹುಡುಗ, ಭಾರವಾಗಿದ್ದ. ಮೊದಲ ಎಳೆಗೆ ನನ್ನ ಕೈಯಿಂದಲೇ ಕತ್ತರಿ ಹಾಕಿಸಿದರು. ಅರಿಸಿನದ ದಾರದ ಜೊತೆಗೇ ಅದು ನನ್ನ ಬಿಳಿ ಸೀರೆಯ ಮೇಲೆ ಬಿತ್ತು. ಪೂಜಾರಿಯೂ ಇದ್ದ, ಊರಿನ ಹಿರಿಯರೂ ಇದ್ದರು, ಯಾರೂ ತಡೆಯಲಿಲ್ಲ. ಹುಡುಗ ತೊಡೆಯ ಮೇಲೆ ಹಿಡಿಸುತ್ತಿರಲಿಲ್ಲ. ಅವನ ಎರಡು ಕಾಲೂ ನೆಲಕ್ಕೆ ತಾಗಿದ್ದವು.